ಓದುಗರ ಪ್ರಶ್ನೆ: ಕ್ಯಾಮೆರಾ ಸೆನ್ಸರಿನ ವಿದ್ಯುತ್ ಗದ್ದಲ

ಪ್ರಶ್ನೆ: ಮಂದ ಬೆಳಕಿನಲ್ಲಿ ಮೊಬೈಲಿನಿಂದ ತೆಗೆದ ಚಿತ್ರಗಳಲ್ಲಿ ಮರಳು ಎರಚಿದಂತೆ ಚುಕ್ಕೆಗಳು ಕಾಣುತ್ತವೆ. ಬ್ಯಾಟರಿಗೆ ಹೊರೆಯಾಗದಂತೆ ಇದಕ್ಕೆ ಕಾರಣವಾಗುವ ಸೆನ್ಸರಿನೊಳಗಿನ (ಬೆಳಕನ್ನು ಗ್ರಹಿಸುವ ಚಿಪ್ಪಿನೊಳಗಿನ) ಗದ್ದಲವನ್ನು, ಅಂದರೆ ಬೇಡದ ವಿದ್ಯುತ್ ಏರುಪೇರನ್ನು, ತಗ್ಗಿಸುವುದು ಹೇಗೆ?

ಉತ್ತರ: ಬೆಳಕಿನಿಂದ ಹುಟ್ಟಿದ ಎಲೆಕ್ಟ್ರಾನುಗಳನ್ನು ಅಳೆಯುವ ಮೊದಲು ಪ್ರತಿ ಪಿಕ್ಸೆಲಿನ ಪುಟ್ಟ ಕೆಪಾಸಿಟರನ್ನು (ವಿದ್ಯುದಾವೇಶ ಹಿಡಿದಿಡುವ ಭಾಗವನ್ನು) ರೀಸೆಟ್ ಮಾಡಬೇಕಾಗುತ್ತದೆ, ಅಂದರೆ ಆರಂಭದ ಮಟ್ಟಕ್ಕೆ ತರಬೇಕಾಗುತ್ತದೆಯಾದರೂ, ಉಷ್ಣ ಚಲನೆಯ ಕಾರಣ ಅದು ಪ್ರತಿ ಸಲವೂ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಕೆಪಾಸಿಟರಿನ ಧಾರಣಶಕ್ತಿ 1 ಫೆಮ್ಟೋಫ್ಯಾರಡ್‌ನಷ್ಟು (ಅತ್ಯಂತ ಸಣ್ಣ ಪ್ರಮಾಣ) ಇದ್ದರೆ, ಕೋಣೆಯ ಉಷ್ಣಾಂಶದಲ್ಲಿ ಈ ಏರುಪೇರು ಸುಮಾರು 13 ಎಲೆಕ್ಟ್ರಾನುಗಳಷ್ಟಾಗುತ್ತದೆ. ಕತ್ತಲ ದೃಶ್ಯದಲ್ಲಿ ಇದು ಖಂಡಿತ ಸಣ್ಣದಲ್ಲ. ಆದ್ದರಿಂದ ರೀಸೆಟ್ ಆದ ಕೂಡಲೇ ಒಮ್ಮೆ, ಎಲೆಕ್ಟ್ರಾನುಗಳನ್ನು ಕೆಪಾಸಿಟರಿಗೆ ವರ್ಗಾಯಿಸಿದ ಬಳಿಕ ಮತ್ತೊಮ್ಮೆ ಅಳೆದು, ಎರಡರ ವ್ಯತ್ಯಾಸವನ್ನಷ್ಟೇ ಉಳಿಸಿಕೊಂಡರೆ ಆ ದೋಷ ರದ್ದಾಗುತ್ತದೆ. ಜಪಾನಿನ ನೊಬುಕಾಜು ತೆರಾನಿಶಿ ರೂಪಿಸಿದ ಪಿನ್ಡ್ ಫೋಟೋಡಯೋಡ್ (ಬೆಳಕಿನಿಂದ ಹುಟ್ಟಿದ ಎಲೆಕ್ಟ್ರಾನುಗಳನ್ನು ಪೂರ್ತಿಯಾಗಿ ವರ್ಗಾಯಿಸಬಲ್ಲ ಬೆಳಕು-ಗ್ರಾಹಕ) ಮತ್ತು 1990ರ ದಶಕದಲ್ಲಿ ಅಮೆರಿಕದ ಎರಿಕ್ ಫಾಸಮ್ ತಂಡ ಬೆಳೆಸಿದ ಸಿಮಾಸ್ ಸೆನ್ಸರುಗಳ (ಸಾಮಾನ್ಯ ಚಿಪ್ಪುಗಳ ತಂತ್ರದಲ್ಲೇ ತಯಾರಾಗುವ ಸೆನ್ಸರುಗಳ) ಕೂಡಿಕೆಯೇ ಎರಡು ಸಲ ಅಳೆಯುವ ಈ ವಿಧಾನವನ್ನು ಅಗ್ಗದ ಮೊಬೈಲಿಗೂ ತಂದಿತು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತಿ ಮಹತ್ವದ ಹೆಜ್ಜೆ ಇದೇ.

ಇನ್ನು ಬ್ಯಾಟರಿಯ ವಿಚಾರ. ಪಿಕ್ಸೆಲಿನ ಸಂಕೇತವನ್ನು ಅಂಕಿಗಳಾಗಿ ಬದಲಿಸುವ ಅತಿವೇಗದ ಪರಿವರ್ತಕವೊಂದನ್ನೇ ಇಡೀ ಸೆನ್ಸರಿಗೆ ಇಡುವ ಬದಲು ಪಿಕ್ಸೆಲುಗಳ ಪ್ರತಿ ಕಂಬಸಾಲಿಗೂ ಒಂದೊಂದು ನಿಧಾನಗತಿಯ ಪರಿವರ್ತಕವಿಟ್ಟರೆ, ಪ್ರತಿಯೊಂದೂ ನಿಭಾಯಿಸಬೇಕಾದ ಆವರ್ತನ ವ್ಯಾಪ್ತಿ ಕಿರಿದಾಗಿ ಗದ್ದಲವೂ ವಿದ್ಯುತ್ ಬಳಕೆಯೂ ಒಟ್ಟಿಗೆ ಇಳಿಯುತ್ತವೆ. ಆದರೆ ಬೆಳಕಿನ ಕಣಗಳು ಅನಿಯತವಾಗಿ ಬಂದು ಬೀಳುವುದರಿಂದಾಗುವ ಏರಿಳಿತವನ್ನು ಯಾವ ವಿದ್ಯುತ್ ಮಂಡಲವೂ ಅಳಿಸಲಾರದು. ಅದಕ್ಕೆ ಹೆಚ್ಚು ಬೆಳಕನ್ನೇ ಸಂಗ್ರಹಿಸಬೇಕು.