ಇಸಿಯು ಕಣ್ಣಿಗೆ ಮಣ್ಣೆರಚುವ ಡಬ್ಬಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಹಳೆ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರ ಪತ್ರಗಳೇ ಜಾಸ್ತಿ. ಅದರಲ್ಲೂ ಎಲ್ಲರಿಗೂ ಪಿಗ್ಗಿಬ್ಯಾಕ್‌ದೇ ಚಿಂತೆ. ಹೊಸಬರಿಗಾಗಿ ಒಂದು ಮಾತು: ಕಾರಿನ ಮೂಲ ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು, ಅದನ್ನು ಇದ್ದಲ್ಲೇ ಬಿಟ್ಟು, ಸೆನ್ಸರ್‌ಗಳಿಗೂ ಅದಕ್ಕೂ ನಡುವೆ ಇನ್ನೊಂದು ಸಣ್ಣ ಕಂಪ್ಯೂಟರ್ ಕೂರಿಸಿದರೆ ಆ ಡಬ್ಬಿಯೇ ಪಿಗ್ಗಿಬ್ಯಾಕ್.

ಪ್ರಶ್ನೆ: ನನ್ನದು 1991ರ ಮಾಜ್ದಾ ಎಂಎಕ್ಸ್-5, 1.6 ಲೀಟರ್. ಸಣ್ಣ ಟರ್ಬೊ ಹಾಕಿ 6 ಪಿಎಸ್‌ಐ ಬೂಸ್ಟ್ (ಟರ್ಬೊ ಗಾಳಿ ತುರುಕುವ ಒತ್ತಡ) ಕೊಡಬೇಕು ಅಂತಿದ್ದೇನೆ. ಅಪೆಕ್ಸಿ ಎಸ್‌ಎಎಫ್‌ಸಿ ಪಿಗ್ಗಿಬ್ಯಾಕ್ ಒಂದು ಹಾಕಿದರೆ ಸಾಕಾ?

ಸಾಲದು. ಎಸ್‌ಎಎಫ್‌ಸಿ ಕೆಟ್ಟ ಸಾಮಾನೇನಲ್ಲ, ನಿಮ್ಮ ಕೆಲಸಕ್ಕೆ ಬರುವುದಿಲ್ಲ ಅಷ್ಟೇ. ಎಂಜಿನ್ನಿಗೆ ಹೋಗುವ ಗಾಳಿ ಅಳೆಯುವ ಏರ್‌ಫ್ಲೋ ಮೀಟರ್‌ನಿಂದ ಬರುವ ಸಿಗ್ನಲ್ಲನ್ನು ಹಿಡಿದು, ಸ್ವಲ್ಪ ಹೆಚ್ಚೋ ಕಡಿಮೆಯೋ ಮಾಡಿ ಇಸಿಯುಗೆ ದಾಟಿಸುವುದೇ ಅದರ ಮುಖ್ಯ ಕೆಲಸ. ನಿಮ್ಮ ಕಾರಿನಲ್ಲಿರುವುದು ಫ್ಲಾಪ್ ಮಾದರಿಯ ಮೀಟರ್. ಒಳಗೆ ಸ್ಪ್ರಿಂಗ್ ಕಟ್ಟಿದ ಒಂದು ಬಾಗಿಲು ಇದೆ, ಗಾಳಿ ತಳ್ಳಿದಷ್ಟು ತೆರೆಯುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಅಂತ ಅಳೆದು ಮಾಡಿದ್ದು ಅದು. ಬೂಸ್ಟ್ ಏರಿದ ಮೇಲೆ ಆ ಬಾಗಿಲು ಪೂರ್ತಿ ತೆರೆದು ನಿಂತುಬಿಡುತ್ತದೆ, ಆಮೇಲೆ ಎಷ್ಟೇ ಗಾಳಿ ಬಂದರೂ ಇಸಿಯುಗೆ ಕಾಣುವುದು ಅದೇ ಸಿಗ್ನಲ್. ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಅಷ್ಟೇ ಉಳಿದರೆ ಮಿಕ್ಸ್ಚರ್ ಲೀನ್ ಆಗುತ್ತದೆ, ಬೂಸ್ಟ್‌ನಲ್ಲಿ ಲೀನ್ ಓಡಿ ಕರಗಿದ ಪಿಸ್ಟನ್ ಕಥೆ ನಿಮಗೆ ಹೇಳಬೇಕಿಲ್ಲ ಅಲ್ವಾ?

ನಿಮಗೆ ಬೇಕಾದದ್ದು ಪ್ರೆಷರ್ ಸೆನ್ಸರ್ ಇಟ್ಟುಕೊಂಡು, ಬೂಸ್ಟ್ ನೋಡಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೆರೆದಿರುವ ಹೊತ್ತನ್ನು ತಾನೇ ಉದ್ದ ಮಾಡುವ ಪಿಗ್ಗಿಬ್ಯಾಕ್. ಗ್ರೆಡ್ಡಿ ಇ-ಮ್ಯಾನೇಜ್ ಜಾತಿಯದು. ಆದರೆ ಉದ್ದ ಮಾಡುವುದಕ್ಕೂ ಮಿತಿ ಇದೆ. 7000 ಆರ್‌ಪಿಎಂನಲ್ಲಿ ಎಂಜಿನ್ ಎರಡು ಸುತ್ತು ಮುಗಿಸಲು ಹಿಡಿಯುವುದು ಸುಮಾರು 17 ಮಿಲಿಸೆಕೆಂಡ್. ಇಂಜೆಕ್ಟರ್ ಅದರಲ್ಲಿ ಶೇ. 85ಕ್ಕಿಂತ ಜಾಸ್ತಿ, ಅಂದರೆ ಹದಿನಾಲ್ಕೂವರೆ ಮಿಲಿಸೆಕೆಂಡ್ ದಾಟಿ ತೆರೆದಿರಬಾರದು. ದಾಟುತ್ತಿದ್ದರೆ ಇಂಜೆಕ್ಟರ್ ಸಣ್ಣದಾಯಿತು ಅಂತಲೇ ಅರ್ಥ, ಡಬ್ಬಿಯಲ್ಲಿ ಏನು ಒತ್ತಿದರೂ ಪೆಟ್ರೋಲ್ ಹುಟ್ಟುವುದಿಲ್ಲ.

ಇನ್ನು ಟೈಮಿಂಗ್, ಅಂದರೆ ಪಿಸ್ಟನ್ ಮೇಲೆ ಮುಟ್ಟುವ ಎಷ್ಟು ಡಿಗ್ರಿ ಮುಂಚೆ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಬೇಕು ಅನ್ನುವುದು. ಈ ಎಂಜಿನ್‌ನ ಬೇಸ್ ಟೈಮಿಂಗ್ 10 ಡಿಗ್ರಿ. ಚುರುಕಾಗಲಿ ಅಂತ ಕ್ಯಾಮ್ ಆಂಗಲ್ ಸೆನ್ಸರ್ ತಿರುಗಿಸಿ 14 ಮಾಡಿಕೊಂಡವರು ಬಹಳ ಜನ. ನಿಮಗಿಂತ ಮುಂಚಿನ ಮಾಲೀಕರು ಮಾಡಿದ್ದಾರೋ ಏನೋ, ಟೈಮಿಂಗ್ ಲೈಟ್ ಹಿಡಿದು ನೋಡಿ, ಟರ್ಬೊ ಕೂರಿಸುವ ಮುಂಚೆಯೇ 10ಕ್ಕೆ ತನ್ನಿ. ಈ 1.6ರಲ್ಲಿ ನಾಕ್ ಸೆನ್ಸರ್ ಇಲ್ಲ, ಕಂಪ್ರೆಷನ್ ಬೇರೆ 9.4, ಟರ್ಬೊಗೆ ಜಾಸ್ತಿಯೇ. ನಾಕಿಂಗ್, ಅಂದರೆ ಮಿಕ್ಸ್ಚರ್ ತಾನಾಗೇ ಹೊತ್ತಿ ಬಡಿಯುವುದು, ಶುರುವಾದರೆ ಟೈಮಿಂಗ್ ಹಿಂದಕ್ಕೆ ಎಳೆದು ಕಾಪಾಡುವವರು ಯಾರೂ ಇಲ್ಲ. ಹಾಗಾಗಿ ಬೂಸ್ಟ್ ಏರಿದಂತೆ ಟೈಮಿಂಗ್ ಹಿಂದಕ್ಕೆ ತರುವ ಸೌಲಭ್ಯವೂ ನಿಮ್ಮ ಡಬ್ಬಿಯಲ್ಲಿ ಇರಲೇಬೇಕು.

ಮತ್ತೊಂದು. ಕೆಲವರು ಆ ಫ್ಲಾಪ್ ಮೀಟರನ್ನೇ ಕಿತ್ತು ಪ್ರೆಷರ್ ಸೆನ್ಸರ್ ಮೇಲೆ ಓಡಿಸೋಣ ಅಂತ ಹೊರಡುತ್ತಾರೆ. ಫ್ಯುಯೆಲ್ ಪಂಪ್‌ನ ಸ್ವಿಚ್ ಆ ಮೀಟರ್ ಒಳಗೇ ಇದೆ. ಸುಮ್ನೆ ಕಿತ್ತರೆ ಪಂಪ್ ಓಡುವುದಿಲ್ಲ, ಆಮೇಲೆ ಪಿಗ್ಗಿಬ್ಯಾಕ್ ಕೆಟ್ಟಿದೆ ಅಂತ ನಮಗೆ ಪತ್ರ ಬರುತ್ತದೆ.

ಪ್ರಶ್ನೆ: ನನ್ನ ಕಾರು ಕಂಪನಿಯಿಂದಲೇ ಟರ್ಬೊ. ನಿಮಿಷಕ್ಕೆ 440 ಸಿಸಿ ಚಿಮ್ಮಿಸುವ ಇಂಜೆಕ್ಟರ್ ತೆಗೆದು 550 ಸಿಸಿ ಹಾಕಿದೆ, ಎಸ್‌ಎಎಫ್‌ಸಿಯಲ್ಲಿ ಎಲ್ಲ ಕಡೆ ಮೈನಸ್ 20 ಕೊಟ್ಟೆ. ಫುಲ್ ಥ್ರಾಟಲ್‌ನಲ್ಲಿ ವೈಡ್‌ಬ್ಯಾಂಡ್ (ಮಿಕ್ಸ್ಚರ್ ಅಳೆಯುವ ಮೀಟರ್) 11.5 ತೋರಿಸುತ್ತದೆ, ಅಂದರೆ ಒಂದು ಪಾಲು ಪೆಟ್ರೋಲ್‌ಗೆ ಹನ್ನೊಂದೂವರೆ ಪಾಲು ಗಾಳಿ, ಸಾಕಷ್ಟು ರಿಚ್ (ಪೆಟ್ರೋಲ್ ಜಾಸ್ತಿ). ಆದರೂ ನಾಕಿಂಗ್. ಮೇಲಾಗಿ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಂತಾಗ) ಎಂಜಿನ್ ತೂಗಾಡುತ್ತದೆ.

ಲೆಕ್ಕ ಸರಿ ಇದೆ, 440 ಅನ್ನು 550ರಿಂದ ಭಾಗಿಸಿದರೆ 0.8. ಪೆಟ್ರೋಲ್ ಕೂಡ ಸರಿ ಹೋಗಿದೆ. ಆದರೆ ನೀವು ಇಸಿಯುಗೆ ಹೇಳಿದ್ದು "ಇಂಜೆಕ್ಟರ್ ದೊಡ್ಡದಾಗಿದೆ" ಅಂತ ಅಲ್ಲ, "ಗಾಳಿ ಶೇ. 20 ಕಡಿಮೆ ಬರುತ್ತಿದೆ" ಅಂತ. ಅದು ಆ ಮಾತು ನಂಬುತ್ತದೆ. ನಂಬಿ ಪೆಟ್ರೋಲ್ ಕಡಿಮೆ ಮಾಡಿ ಸುಮ್ಮನೆ ಕೂರುವುದಿಲ್ಲ, ಟೈಮಿಂಗ್ ಟೇಬಲ್ಲನ್ನೂ ಅದೇ ಗಾಳಿಯ ಲೆಕ್ಕದಲ್ಲಿ ನೋಡುತ್ತದೆ. ಲೋಡ್ (ಎಂಜಿನ್ ಮೇಲಿನ ಹೊರೆ) ಕಡಿಮೆ ಅಂತ ಕಂಡರೆ ಟೈಮಿಂಗ್ ಮುಂದಕ್ಕೆ ತಳ್ಳುವುದು ಎಲ್ಲ ಇಸಿಯುಗಳ ರೂಢಿ, ಅರ್ಧ ಲೋಡ್‌ನಲ್ಲಿ ಅದು ಸರಿಯೂ ಹೌದು. ನಿಮ್ಮ ಎಂಜಿನ್ ನಿಜಕ್ಕೂ ಪೂರ್ತಿ ಬೂಸ್ಟ್‌ನಲ್ಲಿದೆ, ಟೇಬಲ್‌ನಲ್ಲಿ ಅಲ್ಲಿ 14 ಡಿಗ್ರಿ ಬರೆದಿದೆ ಅಂತಿಟ್ಟುಕೊಳ್ಳಿ. ಇಸಿಯು ಓದುತ್ತಿರುವುದು ಅದಕ್ಕಿಂತ ಕೆಳಗಿನ ಮನೆ, ಅಲ್ಲಿ 18 ಇರಬಹುದು. ನೀವು ಟೈಮಿಂಗ್ ಮುಟ್ಟಿಲ್ಲ, ಆದರೂ ನಾಲ್ಕು ಡಿಗ್ರಿ ಮುಂದೆ ಹೋಯಿತು. ವೈಡ್‌ಬ್ಯಾಂಡ್ ನೋಡುವುದು ಮಿಕ್ಸ್ಚರ್ ಮಾತ್ರ, ಈ ನಾಲ್ಕು ಡಿಗ್ರಿ ಅದಕ್ಕೆ ಎಲ್ಲಿ ಕಾಣಬೇಕು?

ಏರ್‌ಫ್ಲೋ ಸಿಗ್ನಲ್ ತಿದ್ದುವ ಪಿಗ್ಗಿಬ್ಯಾಕ್‌ಗಳ ಬಗ್ಗೆ ನಾನು ಪದೇ ಪದೇ ಹೇಳುವುದು ಇದೇ: ಇಸಿಯು ಕಣ್ಣಿಗೆ ಮಣ್ಣೆರಚಿದರೆ ಅದು ಪೆಟ್ರೋಲ್ ಒಂದರಲ್ಲೇ ಎಡವುವುದಿಲ್ಲ. ಬೂಸ್ಟ್ ಮಿತಿ ಮೀರಿದರೆ ಪೆಟ್ರೋಲ್ ನಿಲ್ಲಿಸುವ ಬೂಸ್ಟ್ ಕಟ್ ಕೂಡ ಗಾಳಿಯ ಲೆಕ್ಕದ ಮೇಲೆ ಇರುವ ಕಾರುಗಳಲ್ಲಿ ಅದೂ ದೂರ ಸರಿಯುತ್ತದೆ. "ಎಸ್‌ಎಎಫ್‌ಸಿ ಹಾಕಿದ ಮೇಲೆ ಕಟ್ ಬರೋದೇ ನಿಂತುಹೋಯ್ತು" ಅಂತ ಖುಷಿಪಡುವವರು ಇದ್ದಾರೆ. ಕಾವಲುಗಾರನನ್ನು ಮಲಗಿಸಿ ಖುಷಿಪಟ್ಟ ಹಾಗೆ ಅದು.

ದಾರಿ ಏನು? ಟೈಮಿಂಗ್ ಕೂಡ ತಿದ್ದಬಲ್ಲ ಡಬ್ಬಿಗೆ ಹೋಗಿ, ಲೋಡ್ ಜಾಸ್ತಿ ಇರುವ ಕಡೆ ಮುಂದೆ ಹೋದಷ್ಟನ್ನು ವಾಪಸ್ ಎಳೆಯಿರಿ. ಇಲ್ಲವೇ 440 ಇಂಜೆಕ್ಟರ್ ವಾಪಸ್ ಹಾಕಿ ಬೂಸ್ಟ್ ಇಳಿಸಿ. ಬೇಸ್ ಟೈಮಿಂಗನ್ನೇ ಹಿಂದಕ್ಕೆ ತಿರುಗಿಸುವುದು ಮೂರನೇ ದಾರಿ, ಆದರೆ ಅದು ಎಲ್ಲ ಕಡೆ ಒಂದೇ ಸಮ ಹಿಂದೆ ಹೋಗುತ್ತದೆ, ಊರೊಳಗೆ ಓಡಿಸುವಾಗ ಕಾರು ಮಂಕಾಗುತ್ತದೆ. ಅಲ್ಲಿವರೆಗೆ ಫುಲ್ ಥ್ರಾಟಲ್ ಬೇಡ. ನಾಕ್ ಸೆನ್ಸರ್ ಇದೆಯಲ್ಲ ಅಂತ ಧೈರ್ಯ ಮಾಡಬೇಡಿ, ಅದು ನಾಕಿಂಗ್ ಆದ ಮೇಲೆ ಎಚ್ಚರವಾಗುವ ಪ್ರಾಣಿ.

ಐಡಲ್ ಸಮಸ್ಯೆ ಬೇರೆ. ಕರೆಂಟ್ ಕೊಟ್ಟ ಕೂಡಲೇ ಇಂಜೆಕ್ಟರ್ ತೆರೆಯುವುದಿಲ್ಲ, ಸುಮಾರು ಒಂದು ಮಿಲಿಸೆಕೆಂಡ್ ತಡ ಆಗುತ್ತದೆ. ಹಳೆ ಇಂಜೆಕ್ಟರ್‌ನ ತಡ 1.0 ಇದ್ದು ಹೊಸದರದು 1.3 ಅಂತಿಟ್ಟುಕೊಳ್ಳಿ. ಐಡಲ್‌ನಲ್ಲಿ ನಿಜಕ್ಕೂ ಪೆಟ್ರೋಲ್ ಬೀಳಬೇಕಾದ ಹೊತ್ತು 1.2 ಮಿಲಿಸೆಕೆಂಡ್ ಆದರೆ ಇಸಿಯು ಹಳೆ ತಡ ಸೇರಿಸಿ 2.2 ಕೊಡುತ್ತದೆ. ಅದರಲ್ಲಿ 1.3 ತಡಕ್ಕೇ ಹೋಯಿತು, ಉಳಿದದ್ದು 0.9. ಕಾಲು ಭಾಗ ಪೆಟ್ರೋಲ್ ಮಾಯ! ಫುಲ್ ಥ್ರಾಟಲ್‌ನ ಉದ್ದ ಪಲ್ಸ್‌ನಲ್ಲಿ ಇದೇ 0.3 ಗೊತ್ತೂ ಆಗುವುದಿಲ್ಲ. ಅದಕ್ಕೇ ಎಲ್ಲ ಕಡೆ ಒಂದೇ ಮೈನಸ್ 20 ನಡೆಯುವುದಿಲ್ಲ, ಕೆಳಗಿನ ಆರ್‌ಪಿಎಂಗಳಲ್ಲಿ ಕಡಿಮೆ ಕಳೆಯಿರಿ.

ಪ್ರಶ್ನೆ: ಒಂದೇ ಸ್ಪೀಡಿನಲ್ಲಿ ಹೋಗುವಾಗ ಮೈಲೇಜ್ ಬರಲಿ ಅಂತ ಪಿಗ್ಗಿಬ್ಯಾಕ್‌ನಲ್ಲಿ ಸ್ವಲ್ಪ ಲೀನ್ ಮಾಡುತ್ತೇನೆ. ಸ್ವಲ್ಪ ಹೊತ್ತಿಗೇ ಮತ್ತೆ 14.7ಕ್ಕೆ ಬಂದು ಕೂರುತ್ತದೆ. ಡಬ್ಬಿ ಹಾಳಾಗಿದೆಯಾ?

ಡಬ್ಬಿ ಚೆನ್ನಾಗಿದೆ, ಇಸಿಯು ಇನ್ನೂ ಚೆನ್ನಾಗಿದೆ. ಒಂದೇ ಸಮ ಓಡುವಾಗ ಅದು ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಮಿಕ್ಸ್ಚರನ್ನು 14.7ರ ಸುತ್ತ ಹಿಡಿದಿಡುತ್ತದೆ. ನೀವು ಕಳೆದಷ್ಟನ್ನು ಅದು ಕೂಡಿಸುತ್ತದೆ. ಅಲ್ಲಿ ಜಗಳ ಬೇಡ. ಆ ತಿದ್ದುಪಡಿಯನ್ನು ನೆನಪಿಟ್ಟುಕೊಳ್ಳುವ ಇಸಿಯು ಆಗಿದ್ದರೆ ಅದನ್ನೇ ಫುಲ್ ಥ್ರಾಟಲ್‌ಗೂ ಸೇರಿಸಬಹುದು, ಆಗ ನೀವು ಚೆನ್ನಾಗಿ ಟ್ಯೂನ್ ಮಾಡಿದ ಜಾಗವೂ ಕೆಡುತ್ತದೆ.

ಪ್ರಶ್ನೆ: ಪಿಗ್ಗಿಬ್ಯಾಕ್ ಹಾಕಿದಾಗಿನಿಂದ ಹೆಡ್‌ಲೈಟ್, ಫ್ಯಾನ್ ಹಾಕಿದರೆ ಮಿಕ್ಸ್ಚರ್ ಬದಲಾಗುತ್ತದೆ. ಇದೇನು ವಿಚಿತ್ರ?

ಅರ್ತಿಂಗ್. ಡಬ್ಬಿಯ ಕಪ್ಪು ವೈರನ್ನು ಹತ್ತಿರ ಸಿಕ್ಕ ಬೋಲ್ಟಿಗೆ ಬಿಗಿದಿರುತ್ತೀರಿ. ಇಸಿಯು ತನ್ನ ಸೆನ್ಸರ್‌ಗಳ ವೋಲ್ಟೇಜ್ ಅಳೆಯುವುದು ತನ್ನದೇ ಅರ್ತ್‌ಗೆ ಹೋಲಿಸಿ. ಎರಡರ ನಡುವೆ 0.1 ವೋಲ್ಟ್ ವ್ಯತ್ಯಾಸ ಬಂದರೂ ಗಾಳಿಯ ಲೆಕ್ಕ ತಪ್ಪುತ್ತದೆ. ಡಬ್ಬಿಯ ಅರ್ತನ್ನು ಇಸಿಯು ಅರ್ತ್ ವೈರಿಗೇ ಸೇರಿಸಿ. ಹಾಗೇ ಇಸಿಯು ಹೊರಗೆ ಬಂದಿರುವಾಗಲೇ ಮುಚ್ಚಳ ತೆಗೆದು ನೋಡಿ. 90ರ ದಶಕದ ಶುರುವಿನ ಮಿತ್ಸುಬಿಷಿ ಎಕ್ಲಿಪ್ಸ್ ಥರದ ಕಾರುಗಳಲ್ಲಿ ಒಳಗಿನ ಕೆಪಾಸಿಟರ್ ಸೋರಿ ಬೋರ್ಡನ್ನೇ ತಿನ್ನುತ್ತದೆ. ಮೀನಿನ ವಾಸನೆ ಬಂದರೆ ಟ್ಯೂನಿಂಗ್ ಬದಿಗಿಟ್ಟು ಮೊದಲು ಅದನ್ನು ರಿಪೇರಿ ಮಾಡಿಸಿ.

ಪ್ರಶ್ನೆ: ಇಷ್ಟೆಲ್ಲ ತಲೆನೋವಿದ್ದರೆ ಸ್ಟ್ಯಾಂಡಲೋನ್ (ಮೂಲ ಇಸಿಯು ತೆಗೆದು ಅದರ ಜಾಗಕ್ಕೆ ಹಾಕುವ ಹೊಸ ಇಸಿಯು) ಹಾಕುವುದೇ ವಾಸಿ ಅಲ್ವಾ?

ಬೂಸ್ಟ್ ಜಾಸ್ತಿ, ಇಂಜೆಕ್ಟರ್ ಎರಡು ಪಟ್ಟು ದೊಡ್ಡದು ಅಂದರೆ ಹೌದು, ಹಾಲ್‌ಟೆಕ್, ಲಿಂಕ್, ಮೆಗಾಸ್ಕ್ವರ್ಟ್ ಯಾವುದಾದರೂ ಆಗಬಹುದು. ಆದರೆ ತಣ್ಣಗಿರುವಾಗ ಸ್ಟಾರ್ಟ್ ಆಗುವುದು, ಎಸಿ ಹಾಕಿದಾಗ ಐಡಲ್ ನಿಲ್ಲುವುದು, ಇದನ್ನೆಲ್ಲ ಮೂಲ ಇಸಿಯು ಈಗ ಬಿಟ್ಟಿ ಮಾಡುತ್ತಿದೆ. ಸ್ಟ್ಯಾಂಡಲೋನ್ ಹಾಕಿದರೆ ಅಷ್ಟನ್ನೂ ನೀವೇ ಬರೆಯಬೇಕು. ಎಕ್ಸಾಸ್ಟ್ ಬದಲಿಸಿ, ಬೂಸ್ಟ್ ಒಂದೆರಡು ಪಿಎಸ್‌ಐ ಏರಿಸಿದವರಿಗೆ ಪಿಗ್ಗಿಬ್ಯಾಕ್ ಸಾಕು, ಬೇಡವೆಂದಾಗ ಕಿತ್ತಿಡಲೂಬಹುದು.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಪಿಗ್ಗಿಬ್ಯಾಕ್ ಕೊಳ್ಳುವಾಗ ಏನು ನೋಡಬೇಕು?

ಮೊದಲು ನಿಮ್ಮ ಏರ್‌ಫ್ಲೋ ಮೀಟರ್ ಯಾವ ಜಾತಿ ಅಂತ ತಿಳಿದುಕೊಳ್ಳಿ. ಹಾಟ್‌ವೈರ್ ಸಾಮಾನ್ಯವಾಗಿ ವೋಲ್ಟೇಜ್ ಕೊಡುತ್ತದೆ, ಹಳೆ ಮಿತ್ಸುಬಿಷಿಗಳ ಕಾರ್ಮನ್ ಮೀಟರ್ ಕೊಡುವುದು ಫ್ರೀಕ್ವೆನ್ಸಿ. ಫ್ಲಾಪ್ ಮೀಟರ್‌ಗಳಲ್ಲಿ ಗಾಳಿ ಏರಿದಂತೆ ವೋಲ್ಟೇಜ್ ಏರುವವೂ ಇವೆ, ಇಳಿಯುವವೂ ಇವೆ, ಮಲ್ಟಿಮೀಟರ್ ಹಿಡಿದು ಫ್ಲಾಪ್ ಬೆರಳಲ್ಲಿ ತಳ್ಳಿದರೆ ಗೊತ್ತಾಗುತ್ತದೆ. ಡಬ್ಬಿಗೆ ಅದನ್ನು ಓದಲು ಬರಬೇಕು. ಜೊತೆಗೆ ಅದರ ವೈರಿಂಗ್ ಹಾರ್ನೆಸ್ ಪೂರ್ತಿ ಇದೆಯಾ, ಲ್ಯಾಪ್‌ಟಾಪ್ ಬೇಕಾದ ಮಾದರಿಯಾದರೆ ಕೇಬಲ್, ಸಾಫ್ಟ್‌ವೇರ್ ಇವೆಯಾ ಕೇಳಿ. ಹಿಂದಿನವರ ಮ್ಯಾಪ್, ಅಂದರೆ ಅವರು ತುಂಬಿದ ಸೆಟ್ಟಿಂಗ್‌ಗಳು, ಅದರಲ್ಲೇ ಇರುತ್ತದೆ. ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆ ಎಲ್ಲವನ್ನೂ ಸೊನ್ನೆ ಮಾಡಿಕೊಳ್ಳಿ.