ಸ್ಕೋನ್ ಯಾಕೆ ಕಲ್ಲಾಗುತ್ತೆ? ಜೊತೆಗೆ ಯಾವ ಸೂಪ್ ಮಾಡಲಿ?

ಕಲಬುರಗಿಗೆ ವರ್ಗವಾಗಿ ಬಂದಿದ್ದೀರಿ, ಎರಡು ಸಲ ಮಾಡಿದ ಸ್ಕೋನ್ (ಮೈದಾ, ಬೆಣ್ಣೆಯ ಪುಟ್ಟ ಮೆತ್ತನೆಯ ಬ್ರೆಡ್) ಎರಡೂ ಸಲ ಕಲ್ಲಾಯ್ತು, ಸೂಪಿಗೆ ಬ್ರೊಕೊಲಿ, ಈರುಳ್ಳಿ ಜಾತಿಯ ಲೀಕ್ ಸಿಗ್ತಿಲ್ಲ ಅಂತ ಕೇಳಿದ್ದೀರಿ. ನನ್ನದೂ ಮೊದಲ ಸಲ ಕಲ್ಲೇ ಆಗಿತ್ತು. ನಮ್ಮ ಅತ್ತೆ ಒಂದನ್ನು ತಟ್ಟೆಗೆ ಟಕ್ ಟಕ್ ಅಂತ ಬಡಿದು, "ಇದನ್ನ ತಿನ್ನಬೇಕೋ, ಇದರಿಂದ ಶೇಂಗಾ ಕುಟ್ಟಬೇಕೋ?" ಅಂದಿದ್ದರು.

ತಪ್ಪು ನನ್ನ ಕೈಯದು. ರೊಟ್ಟಿ ಬಡಿದು ರೂಢಿಯಾದ ಕೈ ಸುಮ್ನೆ ಇರೋದಿಲ್ಲ. ಜೋಳದ ಹಿಟ್ಟಿನಲ್ಲಿ ಜಿಗುಟಿಲ್ಲ. ಕುದಿಯುವ ನೀರು ಹಾಕಿ ಅಂಗೈಯಲ್ಲಿ ಒತ್ತಿ ಒತ್ತಿ ನಾದಿದರೆ ಮಾತ್ರ ಅದು ಕೂಡಿಕೊಳ್ಳುತ್ತೆ. ಮೈದಾ ಇದಕ್ಕೆ ಪೂರ್ತಿ ಉಲ್ಟಾ. ನಾದಿದಷ್ಟೂ ಅದರಲ್ಲಿ ಗ್ಲುಟೆನ್ ಅನ್ನೋ ಜಿಗುಟು ಬಿಗಿಯಾಗುತ್ತೆ. ಚಪಾತಿಗೆ ಅದು ಬೇಕು, ಸ್ಕೋನಿಗೆ ಬೇಡ. ಹಾಲು ಹಾಕಿದ ಮೇಲೆ ಬೆರಳ ತುದಿಯಲ್ಲಿ ಎಂಟು ಹತ್ತು ಸಲ ಕೂಡಿಸಿ, ಬಿಟ್ಟುಬಿಡಿ. ಅಲ್ಲಲ್ಲಿ ಒಣ ಹಿಟ್ಟು ಕಂಡರೂ ಪರವಾಗಿಲ್ಲ.

ಇನ್ನು ಬೆಣ್ಣೆ. ಅದು ಹಿಟ್ಟಿನೊಳಗೆ ಸಣ್ಣ ಚೂರುಗಳಾಗಿಯೇ ಉಳಿಯಬೇಕು. ಓವನ್ ಬಿಸಿಗೆ ಕರಗಿದಾಗ ಅದರಲ್ಲಿರುವ ನೀರು ಆವಿಯಾಗಿ ಪದರು ಎಬ್ಬಿಸುತ್ತೆ. ನಮ್ಮೂರಲ್ಲಿ ಡಿಸೆಂಬರ್‌ನಲ್ಲೂ ಮಧ್ಯಾಹ್ನದ ಬಿಸಿಲು ಚುರುಕು, ಅಲ್ವಾ? ಅದಕ್ಕೆ ನಾನು ಬೆಳಿಗ್ಗೆ ಬೇಗ ಮಾಡಿ ಮುಗಿಸ್ತೇನೆ. ಬೆಣ್ಣೆಯನ್ನು ರಾತ್ರಿಯೇ ಫ್ರೀಜರ್‌ನಲ್ಲಿಟ್ಟು, ಕೊಬ್ಬರಿ ತುರಿಯುವ ಹಾಗೆ ನೇರ ಹಿಟ್ಟಿನ ಮೇಲೆ ತುರಿಯೋದು. ಮೇ ತಿಂಗಳಲ್ಲಂತೂ ಈ ಉಸಾಬರಿಯೇ ಬೇಡ.

ಅಳತೆ ಹೀಗೆ: ಮೈದಾ 200 ಗ್ರಾಂ, ಜೋಳದ ಹಿಟ್ಟು 50 ಗ್ರಾಂ, ಬೇಕಿಂಗ್ ಪೌಡರ್ 3 ಟೀ ಚಮಚ, ತಣ್ಣನೆಯ ಬೆಣ್ಣೆ 60 ಗ್ರಾಂ, ಹಾಲು ಸುಮಾರು 140 ಮಿಲಿ, ಅರ್ಧ ಚಮಚ ಉಪ್ಪು, ಸ್ವಲ್ಪ ಜೀರಿಗೆ. ಸೂಪಿನ ಜೊತೆ ತಿನ್ನೋದಾದ್ದರಿಂದ ಸಕ್ಕರೆ ಹಾಕಲ್ಲ. ಜೋಳ ಇದಕ್ಕಿಂತ ಜಾಸ್ತಿ ಹಾಕಿದರೆ ಪುಡಿಪುಡಿ ಆಗುತ್ತೆ, ಮಾಡಿ ನೋಡಿದ್ದೇನೆ. ಲಟ್ಟಣಿಗೆ ಬೇಡ, ಕೈಯಲ್ಲೇ ಹೆಬ್ಬೆರಳಿನ ಅಗಲದಷ್ಟು ದಪ್ಪಕ್ಕೆ ತಟ್ಟಿ. ಲೋಟದಿಂದ ಕತ್ತರಿಸುವಾಗ ನೇರ ಒತ್ತಿ, ನೇರ ಎತ್ತಿ. ತಿರುಗಿಸಿದರೆ ಅಂಚು ಅಂಟಿಕೊಂಡು ಸೊಟ್ಟ ಏಳುತ್ತೆ. ಮೊದಲೇ ಬಿಸಿ ಮಾಡಿದ ಓವನ್‌ನಲ್ಲಿ 210 ಡಿಗ್ರಿಗೆ 12ರಿಂದ 15 ನಿಮಿಷ. ಓವನ್ ಇಲ್ಲದಿದ್ದರೆ ದಪ್ಪ ಹಂಚು, ಸಣ್ಣ ಉರಿ, ಮೇಲೊಂದು ಮುಚ್ಚಳ. ಸ್ಕಾಟ್ಲೆಂಡಿನವರು ಮೊದಲು ಇದನ್ನು ಹಂಚಿನ ಮೇಲೇ ಸುಡುತ್ತಿದ್ದರು, ಹಾಗಾಗಿ ಮೋಸ ಏನಲ್ಲ.

ಸೂಪಿಗೆ ಬ್ರೊಕೊಲಿ ಯಾಕೆ ಹುಡುಕ್ತೀರಿ? ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಈ ಊರಿನದೇ ಬೆಳೆ ಅನ್ನೋ ಅಧಿಕೃತ ಗುರುತು) ಸಿಕ್ಕಿದ್ದನ್ನು ಎಲ್ಲರೂ ಹೇಳ್ತಾರೆ. ಹಸಿ ತೊಗರಿ ಕಾಯಿ ತಿಂದು ನೋಡಿ ಅಂತ ಮಾತ್ರ ಹೊಸಬರಿಗೆ ಯಾರೂ ಹೇಳಲ್ಲ. ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಕಣ್ಣಿ ಮಾರ್ಕೆಟ್‌ಗೆ ಹೋಗಿ. ಕಾಯಿಯನ್ನು ಬೆರಳಲ್ಲಿ ಅದುಮಿ ನೋಡಿ, ಒಳಗೆ ಕಾಳು ತುಂಬಿರಬೇಕು, ಸಿಪ್ಪೆ ಇನ್ನೂ ಹಸಿಯಾಗಿರಬೇಕು. ಜೊತೆಗೆ ಒಂದು ಹಿಡಿ ಕಡಲೆ ಸೊಪ್ಪು ತಗೊಳ್ಳಿ. ಅದರ ಎಲೆಯ ಮೇಲೇ ಹುಳಿ ಇರುತ್ತೆ, ನಿಂಬೆಹಣ್ಣು ಬೇಕಾಗಲ್ಲ. ಹೆಚ್ಚು ತೊಳೆದರೆ ಆ ಹುಳಿ ನೀರಿನ ಪಾಲು.

ಎರಡು ಕಪ್ ಕಾಳು, ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಶುಂಠಿ. ಬೆಣ್ಣೆಯಲ್ಲಿ ಬಾಡಿಸಿ, ನಾಲ್ಕು ಕಪ್ ನೀರು ಹಾಕಿ ಕುಕ್ಕರ್‌ನಲ್ಲಿ ಎರಡು ಸೀಟಿ. ಅರ್ಧ ಕಾಳು ತೆಗೆದಿಟ್ಟು ಉಳಿದದ್ದನ್ನು ಅರೆಯಿರಿ, ಎರಡನ್ನೂ ಕೂಡಿಸಿ ಕುದಿಸಿ. ಉಪ್ಪು, ಕುಟ್ಟಿದ ಮೆಣಸು. ಇಳಿಸುವ ಎರಡು ನಿಮಿಷ ಮೊದಲು ಕಡಲೆ ಸೊಪ್ಪು. ಕೆನೆ, ಕಾರ್ನ್‌ಫ್ಲೋರ್ ಏನೂ ಬೇಡ, ಕಾಳೇ ಗಟ್ಟಿ ಮಾಡುತ್ತೆ. ಮೊದಲ ತುತ್ತಿಗೇ ಅತ್ತೆ, "ಇದು ನಮ್ಮ ಭಜ್ಜಿನೇ, ನೀರ ಜಾಸ್ತಿ ಆಗ್ಯಾದ" ಅಂದರು. ಭಜ್ಜಿ ಅಂದರೆ ಇಲ್ಲಿ ಕರಿದದ್ದಲ್ಲ, ಎಳ್ಳಮಾವಾಸ್ಯೆಗೆ ಮಾಡೋ ಕಾಳು-ಸೊಪ್ಪಿನ ಪಲ್ಯ. ಎರಡನೇ ಬಟ್ಟಲೂ ಹಾಕಿಸಿಕೊಂಡರು, ಅದು ಬೇರೆ ಮಾತು.

ಹಸಿ ಕಾಯಿ ಹೆಚ್ಚು ದಿನ ಸಿಗಲ್ಲ, ಹೊಲದಲ್ಲೇ ಒಣಗಿಬಿಡುತ್ತೆ. ಸಿಕ್ಕಾಗ ಎರಡು ಕಿಲೋ ಜಾಸ್ತಿ ತಂದು, ಸಂಜೆ ಎಲ್ಲರೂ ಕೂತು ಬಿಡಿಸಿ, ಬೆಣ್ಣೆಯ ಪಕ್ಕದಲ್ಲೇ ಫ್ರೀಜರ್‌ನಲ್ಲಿಡಿ.