ಮಳೆಗಾಲ ಕಾಣದ ರಿವ್ಯೂ ನಂಬಬೇಡಿ

ಪ್ರತಿ ಜುಲೈನಲ್ಲೂ ಇದೇ ಪ್ರಶ್ನೆ ಬರುತ್ತದೆ. ಈ ಸಲ ಸ್ವಲ್ಪ ಖಾರವಾಗಿಯೇ ಉತ್ತರಿಸುತ್ತೇನೆ.

ಪ್ರಶ್ನೆ: ಗೂಗಲ್ ಮ್ಯಾಪ್ಸ್‌ನಲ್ಲಿ 4.9 ಸ್ಟಾರ್ ಇದ್ದವರನ್ನೇ ಹುಡುಕಿ ಫೆಬ್ರವರಿಯಲ್ಲಿ ಟೆರೇಸ್‌ಗೆ ವಾಟರ್‌ಪ್ರೂಫಿಂಗ್ ಮಾಡಿಸಿದೆವು. ಜೂನ್ ಮಳೆಗೇ ಹಾಲ್‌ನ ಮೂಲೆ ಒದ್ದೆ. ಆ ರಿವ್ಯೂಗಳೆಲ್ಲ ಸುಳ್ಳಾ? (ಶಿವಮೊಗ್ಗ)

ಸುಳ್ಳೇ ಆಗಬೇಕಿಲ್ಲ. ಆದರೆ ಅವನ್ನು ಯಾವಾಗ ಬರೆದದ್ದು ಅಂತ ನೋಡಿದಿರಾ? ಕೆಲಸ ಮುಗಿದ ಸಂಜೆ ಹುಡುಗರು ‘ಸರ್, ಒಂದು ಫೈವ್ ಸ್ಟಾರ್ ಹಾಕಿ’ ಅನ್ನುತ್ತಾರೆ. ಕೋಟಿಂಗ್ ಹೊಸದಾಗಿ ಹೊಳೆಯುತ್ತಿರುತ್ತದೆ, ಮನೆಯವರು ಹಾಕಿಬಿಡುತ್ತಾರೆ. ಅದರ ಮೇಲೆ ಇನ್ನೂ ಒಂದು ಹನಿ ಮಳೆ ಬಿದ್ದಿರುವುದಿಲ್ಲ. ನಲ್ಲಿ ರಿಪೇರಿಯಾದರೆ ಆ ದಿನದ ರಿವ್ಯೂ ಸಾಕು. ಟೆರೇಸ್‌ಗೆ ಸಾಲದು.

ಹಾಗಾಗಿ ಸ್ಟಾರ್ ಬಿಡಿ, ತಾರೀಖು ನೋಡಿ. ‘ಎರಡು ಮಳೆಗಾಲ ಆಯ್ತು, ಎಲ್ಲೂ ಒದ್ದೆ ಇಲ್ಲ’ ಅನ್ನುವ ಒಂದು ರಿವ್ಯೂ, ‘ಸೂಪರ್ ಸರ್ವಿಸ್’ ಅನ್ನುವ ಐವತ್ತಕ್ಕಿಂತ ಮೇಲು. ಕಡಿಮೆ ಸ್ಟಾರ್‌ನವನ್ನು ಮೊದಲು ಓದಿ. ‘ತಡವಾಗಿ ಬಂದರು’ ಅಂದಿದ್ದರೆ ಪರವಾಗಿಲ್ಲ. ‘ಸೋರಿದ ಮೇಲೆ ಫೋನ್ ಎತ್ತಲಿಲ್ಲ’ ಅಂತ ಇಬ್ಬರು ಬರೆದಿದ್ದರೆ ಅವರನ್ನು ಅಲ್ಲಿಗೇ ಬಿಡಿ. ಬರೆದವರ ಹೆಸರನ್ನೂ ಒತ್ತಿ ನೋಡಿ. ಶಿವಮೊಗ್ಗದ ಟೆರೇಸ್‌ಗೂ ಜೈಪುರದ ಹಲ್ಲಿನ ಡಾಕ್ಟರಿಗೂ ಒಂದೇ ವಾರದಲ್ಲಿ ಐದು ಸ್ಟಾರ್ ಕೊಟ್ಟಿದ್ದರೆ ಅದನ್ನು ಲೆಕ್ಕಕ್ಕೇ ಇಡಬೇಡಿ.

ಆಮೇಲೆ, ಎರಡು ವರ್ಷ ಹಿಂದೆ ಮಾಡಿದ ಎರಡು ಮನೆ ತೋರಿಸಿ ಅಂತ ಕೇಳಿ. ಮಳೆ ಬರುವಾಗಲೇ ಹೋಗಿ ನೋಡಿ. ನಿಮ್ಮ ಮನೆಯಲ್ಲಿ ಕೋಟಿಂಗ್ ಪೂರ್ತಿ ಒಣಗಿದ ಮೇಲೆ ನೀರು ಹೋಗುವ ಪೈಪ್ ಮುಚ್ಚಿಸಿ, ಒಂದೆರಡು ಇಂಚು ನೀರು ಕಟ್ಟಿ ಎರಡು ದಿನ ಬಿಡಿ. ಕೆಳಗೆ ಒದ್ದೆ ಕಾಣದಿದ್ದರೆ ಮಾತ್ರ ಕೊನೆಯ ಕಂತು ಕೊಡಿ. ಇದಕ್ಕೆ ಒಪ್ಪದವರಿಗೆ ನಾನಾದರೆ ಅಡ್ವಾನ್ಸೂ ಕೊಡುವುದಿಲ್ಲ.

‘ಏನೂ ಒಡೆಯದೆ, ಒಂದೇ ದಿನದಲ್ಲಿ, 10 ವರ್ಷ ಗ್ಯಾರಂಟಿ’ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪಾಚಿ ಉಜ್ಜದೆ, ಬಿರುಕು ಕೆರೆದು ತುಂಬದೆ, ನೀರು ಹರಿಯುವ ವಾಟ ಸರಿಮಾಡದೆ ಸುಮ್ನೆ ಮೇಲೆ ಬಳಿದರೆ ಸೋರುವುದು ನಿಲ್ಲುವುದಿಲ್ಲ. ನನ್ನ ಅಕ್ಕನ ಮನೆಯಲ್ಲೂ ಹೀಗೇ ಆಯಿತು. ಗ್ಯಾರಂಟಿ ಕಾರ್ಡ್ ಜೋಪಾನವಾಗಿತ್ತು, ಕೊಟ್ಟವರ ನಂಬರ್ ಬಂದ್ ಆಗಿತ್ತು.

ಪ್ರಶ್ನೆ: ಸುಳ್ಳು ರಿವ್ಯೂಗಳನ್ನು ಸರ್ಕಾರ ತಡೆದಿದೆ ಅಲ್ವಾ?

2022ರಲ್ಲಿ ಆನ್‌ಲೈನ್ ರಿವ್ಯೂಗಳಿಗೆ ಅಂತ ಬಿಐಎಸ್‌ನ (ಮಾನದಂಡ ರೂಪಿಸುವ ಕೇಂದ್ರ ಸರ್ಕಾರದ ಸಂಸ್ಥೆ) ಐಎಸ್ 19000 ಮಾನದಂಡ ಬಂದದ್ದು ನಿಜ. ಬಂದಾಗ ಅದು ಕಡ್ಡಾಯ ಆಗಿರಲಿಲ್ಲ. ಅದನ್ನು ನಂಬಿ ದುಡ್ಡು ಕೊಡಬೇಡಿ. ಮೋಸ ಆಗಿದ್ದರೆ ಬಿಲ್ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಪ್ರಶ್ನೆ: ಬರೀ ಪರಿಚಯದವರು ಹೇಳಿದವರನ್ನೇ ಕರೆದರೆ ಸಾಕಾ?

ಪರಿಚಯದವರನ್ನೂ ಅದನ್ನೇ ಕೇಳಿ: ಮಾಡಿಸಿ ಎಷ್ಟು ಮಳೆಗಾಲ ಆಯಿತು?

ಪ್ರಶ್ನೆ: ಐದು ಸ್ಟಾರ್ ಹಾಕಿದರೆ 500 ರೂಪಾಯಿ ಬಿಡುತ್ತಾರಂತೆ. ಹಾಕಲಾ?

ಬೇಡ. ಗೂಗಲ್ ನಿಯಮಕ್ಕೂ ಅದು ವಿರುದ್ಧ. ಈಗಾಗಲೇ ಹಾಕಿದ್ದರೆ ಮಳೆಗಾಲ ಮುಗಿದ ಮೇಲೆ ಅದನ್ನೇ ತಿದ್ದಿ, ಗೋಡೆ ಈಗ ಹೇಗಿದೆ ಅಂತ ಫೋಟೋ ಸಮೇತ ಬರೆಯಿರಿ.